ಸೀಟು ಹಿಡಿಯುವ ಸಕ್ಕರೆ

ಒಣಗಿಸುವ ವಿದ್ಯೆಯಲ್ಲಿ ನಮ್ಮವರನ್ನು ಮೀರಿಸಿದವರಿಲ್ಲ. ಯುಗಾದಿ ಕಳೆದು ಬಿಸಿಲು ಬಲಿಯಿತೆಂದರೆ ತಾರಸಿಗಳೆಲ್ಲ ಹಳೆಯ ಪಂಚೆ, ಹರಿದ ಸೀರೆಗಳಿಂದ ಮುಚ್ಚಿಹೋಗುತ್ತವೆ. ಅವುಗಳ ಮೇಲೆ ಅರಳು ಸಂಡಿಗೆ, ಹಪ್ಪಳ, ಬಾಳಕದ ಮೆಣಸಿನಕಾಯಿ, ಉಪ್ಪು ಹಚ್ಚಿದ ಮಾವಿನ ಹೋಳು. ಕಾಗೆ ಓಡಿಸಲು ಒಂದು ಕೋಲು, ಕೋಲಿಗೊಂದು ಕಪ್ಪು ಬಟ್ಟೆ, ಕೋಲಿನ ಪಕ್ಕದಲ್ಲಿ ಬೇಸಿಗೆ ರಜಕ್ಕೆ ಬಂದ ಒಬ್ಬ ಮೊಮ್ಮಗ. ಕಾಗೆಗಿಂತ ಹೆಚ್ಚು ಹಸಿ ಸಂಡಿಗೆ ಅವನ ಹೊಟ್ಟೆಗೇ ಹೋಗುತ್ತದೆಂಬುದು ಮನೆಯವರಿಗೆಲ್ಲ ಗೊತ್ತು. ಆದರೂ ಕಾವಲಿಗೆ ಅವನೇ ಬೇಕು. ಘಟ್ಟ ಇಳಿದರೆ ಹಲಸಿನ ಹಪ್ಪಳ, ಮಾಂಬಳ. ಇನ್ನೂ ಇಳಿದು ಕಡಲ ದಂಡೆ ಸೇರಿದರೆ ಒಣಮೀನು.

ಇಷ್ಟನ್ನೆಲ್ಲ ಒಣಗಿಸುವಾಗ ನಮಗೊಂದು ಧೈರ್ಯವಿರುತ್ತದೆ. ಒಣಗಿದ್ದು ಮತ್ತೆ ಏಳುವುದಿಲ್ಲ. ಒಣ ಬಂಗುಡೆಯನ್ನು ಬಕೆಟ್ಟಿನ ನೀರಿಗೆ ಹಾಕಿದರೆ ಅದು ಈಜುವುದಿಲ್ಲ. ಈಜಿದ್ದರೆ ಕರಾವಳಿಯ ಅಡುಗೆಮನೆಗಳಲ್ಲಿ ಎಂತೆಂಥ ಕಿರುಚಾಟಗಳು ಕೇಳಿಬರುತ್ತಿದ್ದವೋ! ಒಣಗುವುದೆಂದರೆ ಮುಗಿಯುವುದು ಎಂಬ ಈ ನಂಬಿಕೆಯ ಮೇಲೆ ನಮ್ಮ ಉಗ್ರಾಣಗಳೆಲ್ಲ ನಿಂತಿವೆ.

ಆ ನಂಬಿಕೆಯನ್ನು ಬುಡಮೇಲು ಮಾಡುವ ಒಂದು ಪೊಟ್ಟಣ ಈಗೀಗ ಮನೆಮನೆಯ ಫ್ರಿಜ್ಜಿನ ಬಾಗಿಲಲ್ಲಿ, ಟೊಮೆಟೊ ಸಾಸಿಗೂ ಕಣ್ಣಿಗೆ ಹಾಕುವ ಡ್ರಾಪ್ಸಿಗೂ ನಡುವೆ, ರಬ್ಬರ್ ಬ್ಯಾಂಡ್ ಸುತ್ತಿಸಿಕೊಂಡು ಕೂತಿರುತ್ತದೆ. ಒಣ ಯೀಸ್ಟು. ಸಾಸಿವೆಗಿಂತ ಸಣ್ಣ, ಮಾಸಲು ಕಂದು ಬಣ್ಣದ ಹರಳು. ಮೂಸಿದರೆ ಹಳೆಯ ಬೇಕರಿಯ ವಾಸನೆ. ಇದರ ಒಂದೇ ಒಂದು ಗ್ರಾಮಿನಲ್ಲಿ 1,000 ಕೋಟಿಗೂ ಮೀರಿ ಜೀವಕೋಶಗಳಿವೆ. ಭೂಮಿಯ ಮೇಲಿರುವ ಮನುಷ್ಯರೆಲ್ಲ ಸೇರಿ 800 ಕೋಟಿಯ ಆಸುಪಾಸು. ಜನಗಣತಿಯವರು ಫ್ರಿಜ್ಜಿನ ಬಾಗಿಲು ತೆಗೆಸಿ ನೋಡುವುದಿಲ್ಲವಾದ್ದರಿಂದ ಈ ಪ್ರಜೆಗಳ ಲೆಕ್ಕ ಯಾರಲ್ಲೂ ಇಲ್ಲ.

ನಮ್ಮ ಮನೆಗೆ ಈ ಪೊಟ್ಟಣವನ್ನು ತಂದವರು ನಮ್ಮತ್ತಿಗೆ. ಮೊಬೈಲಿನಲ್ಲಿ ಯಾರೋ ಬನ್ನು ಮಾಡುವುದನ್ನು ನೋಡಿ, ತಾವೂ ಮಾಡಿ, ಈಗ ಭಾನುವಾರದ ಇಡ್ಲಿಯ ಹಕ್ಕನ್ನು ಬನ್ನಿಗೆ ಬರೆದುಕೊಟ್ಟಿದ್ದಾರೆ. ನನಗೆ ಬನ್ನಿಗಿಂತ ಅದಕ್ಕೂ ಮುಂಚಿನ ನಾಟಕ ಇಷ್ಟ. ಗಾಜಿನ ಬಟ್ಟಲಲ್ಲಿ ಉಗುರುಬೆಚ್ಚಗಿನ ನೀರು, ಅದಕ್ಕೆ ಅರ್ಧ ಚಮಚ ಸಕ್ಕರೆ, ಮೇಲೆ ಉದುರಿಸಿದ ಯೀಸ್ಟು. ಮೊದಲು ಹರಳುಗಳು ಮುಳುಗದೆ ಬಿಗುಮಾನದಿಂದ ತೇಲುತ್ತವೆ. ಆಮೇಲೆ ಒಂದೊಂದೇ ಬಣ್ಣ ಗಾಢವಾಗಿ, ಅಂಚು ಕರಗಿ, ಕಂದು ಎಳೆಯೊಂದನ್ನು ಹಿಂದೆ ಬಿಡುತ್ತ ತಳಕ್ಕಿಳಿಯುತ್ತವೆ. ನೀರು ಮಬ್ಬಾಗುತ್ತದೆ. ಐದಾರು ನಿಮಿಷ ಏನೂ ಇಲ್ಲ. ಅಷ್ಟರಲ್ಲಿ ತಳದಿಂದ ಒಂದು ಗುಳ್ಳೆ ಏಳುತ್ತದೆ, ಅದರ ಹಿಂದೆ ಇನ್ನೊಂದು. ಹತ್ತು ನಿಮಿಷಕ್ಕೆ ಬಟ್ಟಲ ಮೇಲೆ ಕೆನೆಬಣ್ಣದ ನೊರೆ ಕಟ್ಟಿ, ಅದು ಅಲ್ಲಲ್ಲಿ ಒಡೆದು ಬಾಯಿಬಿಟ್ಟು, ಮತ್ತೆ ಮುಚ್ಚಿಕೊಂಡು ಉಬ್ಬುತ್ತದೆ. ತಿಂಗಳುಗಟ್ಟಲೆ ಉಸಿರಿಲ್ಲದೆ ಬಿದ್ದಿದ್ದವರು ಎದ್ದು ಕೂತು ಊಟಕ್ಕೆ ಶುರುವಿಟ್ಟುಕೊಂಡಿದ್ದಾರೆ.

"ಇದು ಹೆಂಗೆ ಅತ್ತಿಗೆ, ಸತ್ತದ್ದು ಏಳುತ್ತೆ?" ಅಂದರೆ, "ಏಳದಿದ್ರೆ ಅಂಗಡಿಗೆ ವಾಪಸ್ ಕೊಡ್ತೀನಿ, ಬಿಲ್ಲಿಟ್ಟಿದೀನಿ" ಎಂದರು. ವಿಜ್ಞಾನಕ್ಕೆ ಅವರ ಕಡೆಯಿಂದ ಇಷ್ಟೇ ಕೊಡುಗೆ.

ನಮ್ಮ ಬಡಾವಣೆಯ ಅಯ್ಯಂಗಾರ್ ಬೇಕರಿಯವರನ್ನು ಕೇಳಿದೆ. ಹಾಸನದ ಕಡೆಯವರು, ಖಾರಾ ಬನ್ನಿನ ವಿಷಯ ಬಿಟ್ಟು ಬೇರೇನನ್ನೂ ಗಂಭೀರವಾಗಿ ಪರಿಗಣಿಸದವರು. "ಹಸಿ ಯೀಸ್ಟು ಅಂದ್ರೆ ಕಾಟ ಸಾರ್. ಎರಡು ಮೂರು ವಾರಕ್ಕೆ ವಾಸನೆ ತಿರುಗುತ್ತೆ. ಕರೆಂಟು ಹೋಯ್ತು ಅಂದ್ರೆ ಫ್ರಿಜ್ಜು ನೋಡ್ತಾ ಕೂರ್ಬೇಕು. ಒಣದಾದ್ರೆ ಡಬ್ಬಿಯಲ್ಲಿಟ್ಟು ಮರೆತ್ರೂ ನಡೆಯುತ್ತೆ."

"ಒಣಗಿಸಿದ್ರೆ ಅದು ಸಾಯಲ್ವಾ?"

"ಸತ್ರೆ ಬನ್ನು ಏಳುತ್ತಾ ಸಾರ್?"

ತರ್ಕದಲ್ಲಿ ಲೋಪವಿಲ್ಲ. ಆದರೆ ಪ್ರಶ್ನೆ ಹಾಗೇ ಉಳಿಯಿತು. ಅವರು ಹೇಳುವ ಹಸಿ ಯೀಸ್ಟಿನ ಗಟ್ಟಿಯಲ್ಲಿ ನೂರಕ್ಕೆ 70 ಭಾಗ ನೀರು. ಪೊಟ್ಟಣದ ಒಣ ಯೀಸ್ಟಿನಲ್ಲಿ 5ರಿಂದ 8 ಭಾಗ. ನಮ್ಮ ಮೈಯಿಂದ ನೂರಕ್ಕೆ ಹತ್ತು ಭಾಗ ನೀರು ಹೋದರೆ ಡ್ರಿಪ್ ಹಾಕಲು ಆಸ್ಪತ್ರೆಗೆ ಎತ್ತಿಕೊಂಡು ಓಡಬೇಕು. ಇದು ಹೆಚ್ಚುಕಡಿಮೆ ಇದ್ದ ನೀರನ್ನೆಲ್ಲ ಕೊಟ್ಟುಬಿಟ್ಟು, ಮೇಲೊಂದು ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ನೆಮ್ಮದಿಯಾಗಿದೆ.

ನೀರು ಹೋದರೆ ಜೀವಕೋಶ ಯಾಕೆ ಸಾಯುತ್ತದೆಂದು ಮೊದಲು ನೋಡಬೇಕು. ಬಾಯಾರಿ ಸಾಯುತ್ತದೆ ಅನ್ನುವುದು ನಮ್ಮ ಕಲ್ಪನೆ. ನಿಜವಾದ ಕಾರಣ ನೀರು ಖಾಲಿಬಿಟ್ಟು ಹೋಗುವ ಜಾಗ. ಯೀಸ್ಟಿನ ಒಂದು ಕೋಶ ಎಷ್ಟು ಚಿಕ್ಕದೆಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 200 ಕೋಶಗಳನ್ನು ಸಾಲಾಗಿ ನಿಲ್ಲಿಸಬಹುದು. ಅದನ್ನು ಸುತ್ತಿರುವ ಪೊರೆ ಮಿಲಿಮೀಟರಿನ ಲಕ್ಷದ ಒಂದು ಭಾಗಕ್ಕಿಂತಲೂ ತೆಳು. ಆ ಪೊರೆ ಕೊಬ್ಬಿನ ಅಣುಗಳ ಎರಡು ಸಾಲು. ಅಣುಗಳ ತಲೆಗಳ ನಡುವೆ ನೀರು ತುಂಬಿಕೊಂಡಿರುವುದರಿಂದ ಅವು ಒಂದಕ್ಕೊಂದು ಅಂಟದೆ, ಆಚೀಚೆ ಸರಿದಾಡುತ್ತ, ಪೊರೆಯನ್ನು ಮೆತ್ತಗೆ ಇಟ್ಟಿರುತ್ತವೆ. ನೀರು ಎದ್ದುಹೋಯಿತೋ, ತಲೆಗಳು ಒತ್ತೊತ್ತಾಗಿ ಸೇರಿಕೊಂಡು ಪೊರೆ ಸೆಟೆದುಬಿಡುತ್ತದೆ. ಆಮೇಲೆ ನೀರು ಮರಳಿ ಬಂದಾಗ ಸೆಟೆದದ್ದು ಸಡಿಲವಾಗುವ ಆ ಗಳಿಗೆಯಲ್ಲಿ ಪೊರೆಯ ತುಂಬ ಸಂದು. ಒಳಗಿನದೆಲ್ಲ ಸೋರಿ ಹೊರಗೆ. ಒಣಗಿದ್ದಕ್ಕಿಂತ ಹೆಚ್ಚಿನ ಅಪಾಯ ಮತ್ತೆ ನೆನೆಯುವಾಗ ಇದೆ ಎನ್ನುವುದು ಇಲ್ಲಿನ ಸ್ವಾರಸ್ಯ. ಒಳಗಿನ ಪ್ರೋಟೀನುಗಳ ಪಾಡೂ ಅಷ್ಟೇ. ನೀರಿನ ಆಸರೆ ತಪ್ಪಿದರೆ ಮಡಿಕೆ ಬಿಚ್ಚಿ, ಒಂದಕ್ಕೊಂದು ತೊಡರಿ ಗಂಟಾಗುತ್ತವೆ.

ಈಗ ಸಕ್ಕರೆ ರಂಗಕ್ಕೆ ಬರುತ್ತದೆ. ಹೆಸರು ಟ್ರೆಹಲೋಸ್. ಎರಡು ಗ್ಲೂಕೋಸ್ ಅಣುಗಳು ಸೇರಿ ಆದದ್ದು. ನಮ್ಮ ಕಾಫಿಯ ಸಕ್ಕರೆಯ ಅರ್ಧದಷ್ಟೂ ಸಿಹಿಯಿಲ್ಲ. ನೀರು ಹೊರಡುವಾಗ ಈ ಸಕ್ಕರೆ ಮಾಡುವುದು ಏನೆಂದು ತಿಳಿಯಬೇಕಾದರೆ ಹಬ್ಬದ ಹಿಂದಿನ ದಿನ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿಗೆ ಹೋಗಬೇಕು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಒಂದು ಟವೆಲ್ಲು ಹಾರಿ ಸೀಟಿನ ಮೇಲೆ ಬೀಳುತ್ತದೆ. ಟವೆಲ್ಲು ಟಿಕೆಟ್ಟು ತೆಗೆಸುವುದಿಲ್ಲ, ಕಿಟಕಿಯಾಚೆ ನೋಡುವುದಿಲ್ಲ, ಊರು ಸೇರುವ ಆತುರವೂ ಅದಕ್ಕಿಲ್ಲ. ಆದರೆ ಅದು ಬಿದ್ದಿರುವ ತನಕ ಪಕ್ಕದ ಸೀಟಿನ ದಪ್ಪ ಆಸಾಮಿ ಇತ್ತ ಜರುಗುವಂತಿಲ್ಲ. ಯಜಮಾನರು ನಿಧಾನವಾಗಿ ಮುಂದಿನ ಬಾಗಿಲಿಂದ ಹತ್ತಿ ಬಂದು, ಟವೆಲ್ಲು ಎತ್ತಿ ಹೆಗಲಿಗೆ ಹಾಕಿಕೊಂಡು ಕೂರುತ್ತಾರೆ. ಟ್ರೆಹಲೋಸಿನ ಕೆಲಸವೂ ಇದೇ. ನೀರು ಎದ್ದ ಜಾಗದಲ್ಲಿ, ಕೊಬ್ಬಿನ ಅಣುಗಳ ತಲೆಗಳ ನಡುವೆ, ಅದು ಹೈಡ್ರೋಜನ್ ಬಂಧಗಳಿಂದ ಅಂಟಿಕೊಂಡು ಕೂರುತ್ತದೆ. ಪೊರೆ ಸೆಟೆಯುವುದಿಲ್ಲ. ನೀರು ಬಂದೊಡನೆ ಜಾಗ ಬಿಟ್ಟುಕೊಡುತ್ತದೆ.

ಈ ಮಾತನ್ನು ಪ್ರಯೋಗಗಳಿಂದ ಗಟ್ಟಿಮಾಡಿದವರಲ್ಲಿ ಮುಖ್ಯರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಜಾನ್ ಕ್ರೋ ಮತ್ತು ಲೋಯಿಸ್ ಕ್ರೋ ದಂಪತಿ. 1984ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ಲೇಖನ ಈ ವಿಷಯದ ಹೆಗ್ಗುರುತು. ಮೆಜೆಸ್ಟಿಕ್ಕಿಗೆ ಅವರು ಬಂದಿದ್ದರೆ ಅಷ್ಟು ವರ್ಷ ಲ್ಯಾಬಿನಲ್ಲಿ ಕೂರುವ ಪ್ರಮೇಯವಿರುತ್ತಿರಲಿಲ್ಲವೋ ಏನೋ.

ಟವೆಲ್ಲಿಗೆ ಒಂದು ನಿಯಮವುಂಟು. ಪೊರೆಗೆ ಎರಡು ಮಗ್ಗುಲು: ಒಳಗಿನದು, ಹೊರಗಿನದು. ಎರಡೂ ಕಡೆ ಸಕ್ಕರೆ ಇದ್ದರೇ ರಕ್ಷಣೆ ಪೂರ್ತಿ. ಹೊರಗೊಂದೇ ಸಕ್ಕರೆ ಸುರಿದರೆ ಪರಿಣಾಮ ತಿರುವುಮುರುವಾಗುತ್ತದೆ. ನಮ್ಮ ಗುಲ್ಕನ್ನು, ನೆಲ್ಲಿಕಾಯಿ ಮೊರಬ್ಬ ಕೆಡದೆ ಉಳಿಯುವುದು ಯಾಕೆಂದುಕೊಂಡಿರಿ? ಅಲ್ಲಿನ ಗಟ್ಟಿ ಪಾಕ ಸೂಕ್ಷ್ಮಜೀವಿಗಳ ಮೈಯ ನೀರನ್ನೇ ಹೊರಗೆಳೆದು ಅವು ತಲೆಯೆತ್ತದಂತೆ ಮಾಡುತ್ತದೆ. ಅಜ್ಜಿಯ ಭರಣಿಯಲ್ಲಿ ಸಕ್ಕರೆ ಯೀಸ್ಟಿನ ಶತ್ರು. ಯೀಸ್ಟಿನ ಹೊಟ್ಟೆಯಲ್ಲಿ ಅದೇ ಜಾತಿಯ ಸಕ್ಕರೆ ಅದರ ಜೀವರಕ್ಷಕ.

ಸಕ್ಕರೆಯೇ ಬೇಕಾದರೆ ಗ್ಲೂಕೋಸ್ ಸಾಲದೇ, ಎರಡನ್ನು ಸೇರಿಸುವ ಉಸಾಬರಿ ಯಾಕೆ ಎಂದು ಲೆಕ್ಕದ ಮೇಷ್ಟರು ಕೇಳಬಹುದು. ಗ್ಲೂಕೋಸಿಗೆ ಸುಮ್ಮನಿರದ ಒಂದು ತುದಿ ಇದೆ. ಕಾಲ ಸಿಕ್ಕರೆ ಅದು ಪ್ರೋಟೀನುಗಳಿಗೆ ಅಂಟಿಕೊಂಡು ಅವನ್ನು ಕಂದುಗಟ್ಟಿಸಿ ಹಾಳುಮಾಡುತ್ತದೆ. ಒಲೆಯಲ್ಲಿ ಬನ್ನಿನ ನೆತ್ತಿ ಕೆಂಪಗಾಗುವುದರಲ್ಲಿ ಇಂಥ ಸಕ್ಕರೆಗಳ ಪಾಲು ದೊಡ್ಡದು. ಬನ್ನಿಗೆ ಅದು ಅಂದ, ಬದುಕಿರಬೇಕಾದ ಕೋಶಕ್ಕೆ ಅನಾಹುತ. ಟ್ರೆಹಲೋಸಿನಲ್ಲಿ ಎರಡು ಗ್ಲೂಕೋಸುಗಳೂ ತಂತಮ್ಮ ಚೇಷ್ಟೆಯ ತುದಿಯನ್ನೇ ಪರಸ್ಪರ ಬೆಸೆದುಕೊಂಡಿವೆ. ಇಬ್ಬರು ತುಂಟರನ್ನು ಒಂದೇ ಬೆಂಚಿನಲ್ಲಿ ಕೂರಿಸಿದರೆ ಗಲಾಟೆ ಹೆಚ್ಚುತ್ತದೆಂಬುದು ಶಾಲೆಗಳ ಅನುಭವ. ರಸಾಯನಶಾಸ್ತ್ರದಲ್ಲಿ ಇಬ್ಬರೂ ಸುಮ್ಮನಾಗುತ್ತಾರೆ.

ಇನ್ನೊಂದು ಉಪಕಾರವೂ ಇದೆ. ಸಂಕ್ರಾಂತಿಗೆ ಮಾಡುವ ಸಕ್ಕರೆ ಅಚ್ಚನ್ನು ನೋಡಿ. ಬೆಳ್ಳಗೆ, ಒರಟಾಗಿ, ಮುರಿದರೆ ಪುಡಿಪುಡಿ. ಅದರಲ್ಲಿ ಸಕ್ಕರೆ ಹರಳುಗಟ್ಟಿದೆ. ಗಾಜಿನ ಭರಣಿಯಲ್ಲಿ ಅಂಗಡಿಯವರು ಇಟ್ಟಿರುವ ಕಿತ್ತಳೆಬಣ್ಣದ ಪೆಪ್ಪರಮಿಂಟು ನೋಡಿ. ಆಚೆಯ ಬೆಳಕು ಈಚೆ ಕಾಣುತ್ತದೆ. ಅದರಲ್ಲಿ ಸಕ್ಕರೆ ಹರಳುಗಟ್ಟದೆ ಗಾಜಾಗಿದೆ. ಹಾಗಂತ ಹೇಳುವುದು ಅಲಂಕಾರಕ್ಕಲ್ಲ, ವಿಜ್ಞಾನಿಗಳ ಲೆಕ್ಕದಲ್ಲಿ ಅದು ಗಾಜೇ. ಒಣಗಿದ ಯೀಸ್ಟಿನ ಒಳಗೆ ಟ್ರೆಹಲೋಸ್ ಕೂಡ ಗಾಜುಗಟ್ಟುತ್ತದೆ. ಪ್ರೋಟೀನುಗಳು, ಪೊರೆಗಳು ಎಲ್ಲವೂ ಎಲ್ಲಿದ್ದವೋ ಅಲ್ಲೇ ನಿಂತುಬಿಡುತ್ತವೆ. ಅಣುಗಳು ಓಡಾಡುವಂತಿಲ್ಲ, ಆದ್ದರಿಂದ ಒಂದನ್ನೊಂದು ಕೆಡಿಸುವಂತೆಯೂ ಇಲ್ಲ. ಪೂರ್ತಿ ಒಣಗಿದ ಟ್ರೆಹಲೋಸಿನ ಗಾಜು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಮೆತ್ತಗಾಗುವುದಿಲ್ಲ. ಅಡುಗೆಮನೆಯ ಸಕ್ಕರೆಯ ಗಾಜು 70ರ ಆಸುಪಾಸಿನಲ್ಲೇ ಸೋಲುತ್ತದೆ. ಆದರೆ ತೇವ ತಾಗಿದರೆ ಎರಡೂ ಸೋಲುತ್ತವೆ. ಆಷಾಢದ ಮಳೆಯಲ್ಲಿ ಪೆಪ್ಪರಮಿಂಟು ಕಾಗದಕ್ಕೆ ಅಂಟಿ ಕಿತ್ತರೂ ಬರುವುದಿಲ್ಲವಲ್ಲ, ಪೊಟ್ಟಣದ ಬಾಯಿ ತೆರೆದಿಟ್ಟರೆ ಯೀಸ್ಟಿನ ಒಳಗೆ ಆಗುವುದೂ ಅದೇ ಸಂಗತಿ. ಗಾಜು ಮೆತ್ತಗಾಗಿ, ಅಣುಗಳು ಓಡಾಡತೊಡಗಿ, ಕೋಶ ಸದ್ದಿಲ್ಲದೆ ಹಾಳಾಗುತ್ತದೆ.

ಯೀಸ್ಟು ಈ ಸಕ್ಕರೆಯನ್ನು ಮಾಡಿಕೊಳ್ಳುವ ಸಮಯ ಯಾವುದು? ನಾನಾಗಿದ್ದರೆ ತಿಂದುಂಡು ಮಿಕ್ಕಾಗ ಉಳಿಸುತ್ತಿದ್ದೆ. ಅಂದರೆ ಎಂದೂ ಉಳಿಸುತ್ತಿರಲಿಲ್ಲ. ಯೀಸ್ಟಿನ ಕ್ರಮ ಬೇರೆ. ಸುತ್ತ ಸಕ್ಕರೆ ಸಮೃದ್ಧಿಯಾಗಿದ್ದು, ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳೆಯುವ ದಿನಗಳಲ್ಲಿ ಅದರ ಮೈಯಲ್ಲಿ ಟ್ರೆಹಲೋಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆ ಹೊತ್ತಿನಲ್ಲಿ ಹಿಡಿದು ಒಣಗಿಸಿದರೆ ಬಹುಪಾಲು ಸಾಯುತ್ತವೆ. ಊಟ ಮುಗಿಯುತ್ತ ಬಂತು, ಬಿಸಿ ಏರಿತು, ಕಷ್ಟ ಬರುವಂತಿದೆ ಎಂಬ ಸೂಚನೆ ಸಿಕ್ಕಾಗ ಅದು ಬೆಳೆಯುವುದನ್ನು ನಿಲ್ಲಿಸಿ ಟ್ರೆಹಲೋಸ್ ಕೂಡಿಹಾಕತೊಡಗುತ್ತದೆ. ಒಣತೂಕದ ನೂರಕ್ಕೆ 15 ಭಾಗ, ಕೆಲವೊಮ್ಮೆ ಅದಕ್ಕೂ ಮೀರಿ. ನಮ್ಮಲ್ಲಿ ಯಾರಿಗಾದರೂ ಮೈಯಲ್ಲಿ ಅಷ್ಟು ಸಕ್ಕರೆ ಕಂಡರೆ ಪಾರ್ಕಿನ ವಾಕಿಂಗ್ ಬಳಗ ಶೋಕಸಭೆ ಏರ್ಪಡಿಸುತ್ತದೆ.

ಕಾರ್ಖಾನೆಯವರಿಗೆ ಯೀಸ್ಟಿನ ಈ ಗುಣ ಚೆನ್ನಾಗಿ ಗೊತ್ತು. ಅವರು ಯೀಸ್ಟನ್ನು ಬೆಳೆಸುವುದು ಕಾಕಂಬಿಯಲ್ಲಿ. ಮಂಡ್ಯ, ಬೆಳಗಾವಿ ಕಡೆಯವರಿಗೆ ಕಾಕಂಬಿಯನ್ನು ಪರಿಚಯಿಸುವ ಅಗತ್ಯವಿಲ್ಲ. ಕಬ್ಬಿನ ಕಾರ್ಖಾನೆಯ ದಾರಿಯಲ್ಲಿ ಮೂಗು ಮುಚ್ಚಿಕೊಂಡು ಹೋದವರೆಲ್ಲ ಬಲ್ಲರು. ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಗಾಳಿ ಊದುತ್ತ, ಕಾಕಂಬಿಯನ್ನೂ ಸಾರಜನಕದ ಲವಣವನ್ನೂ ಅಳೆದಳೆದು ಕೊಟ್ಟು ಬೆಳೆಸುತ್ತಾರೆ. ಒಣ ಯೀಸ್ಟು ಬೇಕಾದರೆ ಕೊನೆಯ ಹಂತದಲ್ಲಿ ಸಾರಜನಕವನ್ನು ಕಡಿತ ಮಾಡುತ್ತಾರೆ. ಬೆಳೆಯಲು ಸಾಮಗ್ರಿಯಿಲ್ಲದ ಯೀಸ್ಟು ಸಿಕ್ಕ ಸಕ್ಕರೆಯನ್ನು ಟ್ರೆಹಲೋಸ್ ಮಾಡಿ ಇಟ್ಟುಕೊಳ್ಳುತ್ತದೆ. ಆಮೇಲೆ ಹಿಂಡಿ, ಶಾವಿಗೆಯಾಗಿ ಒತ್ತಿ, ಹದವಾದ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಉಪವಾಸ ಮಾಡಿಸಿ ದೀರ್ಘಾಯುಷ್ಯ ಕೊಡುವ ಈ ಕ್ರಮವನ್ನು ಯಾವುದಾದರೂ ಮಠದವರು ಕಂಡುಹಿಡಿದಿದ್ದರೆ ಅದಕ್ಕೊಂದು ವ್ರತದ ಹೆಸರಿರುತ್ತಿತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆ ಫ್ರಿಜ್ಜಿಲ್ಲದ ಜಾಗಗಳಲ್ಲೂ ಬ್ರೆಡ್ಡು ಒದಗಬೇಕಾಗಿತ್ತು. ಅಲ್ಲಿನ ಫ್ಲೈಶ್‌ಮನ್ ಕಂಪನಿ ಒಣ ಯೀಸ್ಟನ್ನು ಸಿದ್ಧಪಡಿಸಿ ಕೊಟ್ಟಿತು. ಆದರೆ ಯೀಸ್ಟನ್ನು ಒಣಗಿಸಿಡುವ ಬುದ್ಧಿ ಮೊದಲು ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ. ನಾರ್ವೆಯ ಪಶ್ಚಿಮದ ಹಳ್ಳಿಗಳಲ್ಲಿ ರೈತರು ಮನೆಯಲ್ಲೇ ಬಿಯರ್ ಮಾಡುತ್ತಿದ್ದರು. ಹುದುಗು ಮುಗಿದ ಮೇಲೆ ತಳದ ಯೀಸ್ಟಿಗೆ ಹುಲ್ಲಿನಲ್ಲಿ ಹೆಣೆದ ಬಳೆಯನ್ನೋ ತೂತು ಕೊರೆದ ಮರದ ತುಂಡನ್ನೋ ಅದ್ದಿ ಒಣಗಲು ತೂಗುಹಾಕುತ್ತಿದ್ದರು. ಮುಂದಿನ ಹಬ್ಬಕ್ಕೆ ಅದೇ ಬಳೆ ತೊಟ್ಟಿಗಿಳಿಯುತ್ತಿತ್ತು. 'ಕ್ವೈಕ್' ಎಂದು ಕರೆಯುವ ಈ ಯೀಸ್ಟುಗಳನ್ನು ಇತ್ತೀಚೆಗೆ ಲ್ಯಾಬಿನಲ್ಲಿ ನೋಡಿದರೆ, ಸಾಮಾನ್ಯ ಬಿಯರ್ ಯೀಸ್ಟಿಗಿಂತ ಹೆಚ್ಚು ಟ್ರೆಹಲೋಸ್ ಕೂಡಿಹಾಕುವ ಗುಣ ಕಂಡುಬಂತು. ಒಣಗಿ ಬದುಕಿದವನ್ನೇ ತಲೆಮಾರುಗಟ್ಟಲೆ ಮತ್ತೆ ಮತ್ತೆ ಬಳಸಿದರೆ ಇನ್ನೇನಾಗುತ್ತದೆ! ಒಣಗಿ ಸತ್ತವು ಮುಂದಿನ ಬಿಯರಿಗೆ ಬರಲೇ ಇಲ್ಲ.

ನಮ್ಮ ಈಶಾನ್ಯದಲ್ಲೂ ಇದಕ್ಕೆ ಸೋದರಸಂಬಂಧಿಗಳಿವೆ. ಮಣಿಪುರದ ಹಮೈ, ಸಿಕ್ಕಿಂ ಕಡೆಯ ಮಾರ್ಚಾ, ಅಕ್ಕಿಹಿಟ್ಟಿನಲ್ಲಿ ತಟ್ಟಿ ಒಣಗಿಸಿದ ಬಿಲ್ಲೆಗಳು. ಒಳಗೆ ಯೀಸ್ಟು, ಬೂಸು, ಬ್ಯಾಕ್ಟೀರಿಯಾ ಎಲ್ಲ ಒಟ್ಟಿಗೆ. ಬೇಕಾದಾಗ ಪುಡಿಮಾಡಿ ಬೇಯಿಸಿದ ಧಾನ್ಯದ ಮೇಲೆ ಉದುರಿಸಿದರೆ ಹುದುಗು ಶುರು. ನಮ್ಮ ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸಾನ್ನಾಂ ಉಬ್ಬುವುದು ಕಳ್ಳಿನಿಂದ. ಅಲ್ಲಿ ಒಣಗಿಸುವ ತಾಪತ್ರಯವಿಲ್ಲ, ಬೆಳಗ್ಗೆ ಮರದಿಂದ ಇಳಿದದ್ದು ಅಂದೇ ಹಿಟ್ಟು ಸೇರಬೇಕು. ತೆಂಗಿನ ಮರ ಹಿತ್ತಲಲ್ಲೇ ಇರುವವರು ಯಾತಕ್ಕೆ ಕೂಡಿಡಬೇಕು?

ಇಷ್ಟು ಹೇಳಿ ಟ್ರೆಹಲೋಸಿಗೆ ಹಾರ ಹಾಕಿ ಮುಗಿಸುವಂತಿದ್ದರೆ ಚೆನ್ನಿತ್ತು. ಆದರೆ ವಿಜ್ಞಾನಿಗಳ ಸಭೆಯಲ್ಲಿ ಯಾರನ್ನಾದರೂ ಸನ್ಮಾನಿಸಲು ಹೊರಟರೆ ಹಿಂದಿನ ಸಾಲಿನಿಂದ ಒಬ್ಬರು ಏಳುತ್ತಾರೆ. 2006ರಲ್ಲಿ ಕೇಂಬ್ರಿಜ್‌ನ ರತ್ನಕುಮಾರ್ ಮತ್ತು ಟನಕ್ಲಿಫ್ ಹಾಗೆ ಎದ್ದರು. ಟ್ರೆಹಲೋಸ್ ಮಾಡಲು ಬಾರದ ಯೀಸ್ಟೂ ಒಣಗಿ ಬದುಕಬಲ್ಲದು, ಟ್ರೆಹಲೋಸ್ ಇದ್ದ ಯೀಸ್ಟೂ ಸಾಯಬಹುದು. ಆದ್ದರಿಂದ ಅದು ಬೇಕೇಬೇಕೆಂದೂ ಇಲ್ಲ, ಅದೊಂದೇ ಸಾಕೆಂದೂ ಇಲ್ಲ ಎಂಬುದು ಅವರ ವಾದ. 2014ರಲ್ಲಿ ಬರ್ಕ್‌ಲಿಯ ಹ್ಯೂಗೋ ಟಾಪಿಯಾ ಮತ್ತು ಡಗ್ಲಸ್ ಕೋಶ್‌ಲ್ಯಾಂಡ್ ಈ ಜಗಳಕ್ಕೆ ಕಾಲದ ಅಳತೆಗೋಲು ಹಿಡಿದರು. ಕೆಲವೇ ದಿನ ಒಣಗಿಸಿಟ್ಟರೆ ಟ್ರೆಹಲೋಸ್ ಇಲ್ಲದವೂ ಎದ್ದು ಬರುತ್ತವೆ. ವಾರಗಳು ಕಳೆದಂತೆ ಅವು ಸಾಯುತ್ತ ಹೋಗುತ್ತವೆ, ಟ್ರೆಹಲೋಸ್ ಇದ್ದವು ಉಳಿಯುತ್ತವೆ. ರಾಮನಗರಕ್ಕೆ ಹೋಗುವವರು ನಿಂತುಕೊಂಡೇ ಹೋಗಬಹುದು; ಬೀದರಿಗೆ ಹೊರಟವರು ಟವೆಲ್ಲು ಹಾಕದಿದ್ದರೆ ಸೊಂಟ ಉಳಿಯುವುದಿಲ್ಲ. ಮರುವರ್ಷ ಅದೇ ತಂಡ, ಹುಲುಸಾಗಿ ಬೆಳೆಯುತ್ತಿದ್ದ, ಅಂದರೆ ಒಣಗಿಸಿದರೆ ಸಾಯಲೇಬೇಕಾದ ಯೀಸ್ಟಿನೊಳಕ್ಕೆ ಟ್ರೆಹಲೋಸನ್ನು ಹೊರಗಿನಿಂದ ತುಂಬಿಸಿ ಅದು ಒಣಗಿಯೂ ಬದುಕುವಂತೆ ಮಾಡಿ ತೋರಿಸಿತು. ಪಕ್ಕದಲ್ಲಿ ಸಹಾಯಕ್ಕೆ ನಿಲ್ಲುವ ಕೆಲವು ಪ್ರೋಟೀನುಗಳೂ ಇವೆ ಎಂಬುದನ್ನು ಈಗ ಎಲ್ಲರೂ ಒಪ್ಪುತ್ತಾರೆ. ಹಾರ ಹಂಚಿಕೊಳ್ಳಬೇಕು, ಅಷ್ಟೆ.

ಒಣಗಿ ಬದುಕುವವರ ಕೂಟ ಹಳೆಯದು. 1702ರಲ್ಲಿ ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಲೇವನ್‌ಹುಕ್, ಮಾಡಿನ ದೋಣಿಯಲ್ಲಿ ಒಣಗಿ ಬಿದ್ದಿದ್ದ ಕಸಕ್ಕೆ ನೀರು ಹಾಕಿ ತನ್ನ ಮಸೂರದಲ್ಲಿ ನೋಡಿದರೆ ಪುಟ್ಟ ಪುಟ್ಟ ಜೀವಿಗಳು ಎದ್ದು ಈಜಾಡುತ್ತಿದ್ದವು. ಅವಕ್ಕೆ ರೋಟಿಫರ್ ಎಂದು ಹೆಸರು. ತಮಾಷೆಯೆಂದರೆ ಅವುಗಳಲ್ಲಿ ಹೀಗೆ ಒಣಗಿ ಬದುಕುವ ಒಂದು ಬಗೆಯವು ಟ್ರೆಹಲೋಸನ್ನು ಮಾಡಿಕೊಳ್ಳುವುದೇ ಇಲ್ಲ. ಅವುಗಳ ಉಪಾಯವೇ ಬೇರೆ. ನೈಜೀರಿಯಾದ ಬಂಡೆಗುಣಿಗಳಲ್ಲಿ ಮರಿಹುಳುವಾಗಿ ಬದುಕುವ ಒಂದು ನೊಣಜಾತಿ ಮಾತ್ರ ಯೀಸ್ಟಿನ ಪಂಥದ್ದು. ಗುಣಿ ಒಣಗುತ್ತ ಬಂದಂತೆ ಅದು ತನ್ನ ಒಣತೂಕದ ಐದನೆಯ ಒಂದು ಭಾಗ ಟ್ರೆಹಲೋಸ್ ತುಂಬಿಕೊಂಡು ಮುದುಡುತ್ತದೆ. 17 ವರ್ಷ ಒಣಗಿದ್ದ ಮರಿಹುಳು ನೀರು ತಾಗಿ ಎದ್ದ ದಾಖಲೆ ಇದೆ. ಎದ್ದು ಅದು ಮೊದಲು ಯಾವ ಸುದ್ದಿ ಕೇಳಿತೋ!

ಟ್ರೆಹಲೋಸ್ ಮನುಷ್ಯರ ಕಣ್ಣಿಗೆ ಬಿದ್ದಿದ್ದು 1832ರಲ್ಲಿ, ರೈ ಧಾನ್ಯಕ್ಕೆ ಹಿಡಿಯುವ ಒಂದು ಬೂಸಿನಲ್ಲಿ. ಅಣಬೆಗಳಲ್ಲಿ ಅದು ಧಾರಾಳ. ಕೀಟಗಳ ರಕ್ತದಲ್ಲಿ ಹರಿಯುವ ಮುಖ್ಯ ಸಕ್ಕರೆಯೂ ಅದೇ. ರಾಮನಗರದ ಗೂಡಿನ ಮಾರುಕಟ್ಟೆಗೆ ರಾಶಿರಾಶಿ ಬರುವ ರೇಷ್ಮೆಗೂಡುಗಳನ್ನು ಕಟ್ಟಿದ ಹುಳುಗಳೆಲ್ಲ ಮೈತುಂಬ ಟ್ರೆಹಲೋಸ್ ಹೊತ್ತವೇ. ಅಲ್ಲಿ ಅದು ಸೀಟು ಹಿಡಿಯಲು ಅಲ್ಲ, ದಿನದ ಖರ್ಚಿಗೆ. ನಾವು ತಿಂದರೂ ಅದು ಜೀರ್ಣವಾಗುತ್ತದೆ. ನಮ್ಮ ಕರುಳಿನಲ್ಲಿ ಅದನ್ನು ಒಡೆಯುವ ಕಿಣ್ವವಿದೆ. ಒಡೆದರೆ ಸಿಗುವುದು ಗ್ಲೂಕೋಸೇ ಆದ್ದರಿಂದ ಸಕ್ಕರೆ ಕಾಯಿಲೆಯವರು ಇದರಲ್ಲಿ ಯಾವ ಕಳ್ಳದಾರಿಯನ್ನೂ ಹುಡುಕಬಾರದು.

ನಮ್ಮ ಹೊಟ್ಟೆಗೆ ಒಗ್ಗದ ರಕ್ಷಕ ಸಕ್ಕರೆಗಳೂ ಇವೆ. ಉಗ್ರಾಣದ ಡಬ್ಬಿಗಳಲ್ಲಿರುವ ಹೆಸರುಕಾಳು, ಹುರುಳಿ, ಕಡಲೆ ಎಲ್ಲವೂ ಒಣಗಿಯೂ ಜೀವ ಹಿಡಿದಿರುವವೇ. ಇಲ್ಲದಿದ್ದರೆ ನೆನೆಸಿ ಕಟ್ಟಿದರೆ ಮೊಳಕೆ ಎಲ್ಲಿಂದ ಬರಬೇಕು? ಹಿಂದೆ ಹಗೇವುಗಳಲ್ಲಿ ವರ್ಷಗಟ್ಟಲೆ ಮಲಗಿರುತ್ತಿದ್ದ ರಾಗಿಯೂ ಇದೇ ಪೈಕಿ. ಬೀಜಗಳು ಟ್ರೆಹಲೋಸನ್ನು ನೆಚ್ಚಿಕೊಂಡಿಲ್ಲ. ಅವು ಬಲಿತು ಒಣಗುವಾಗ ಕೂಡಿಹಾಕುವುದು ನಮ್ಮ ಕಾಫಿಯ ಸಕ್ಕರೆಯಾದ ಸುಕ್ರೋಸನ್ನು, ಜೊತೆಗೆ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಅದರ ಉದ್ದನೆಯ ದಾಯಾದಿಗಳನ್ನು. ಈ ದಾಯಾದಿಗಳನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬದೂಟವಾಗುತ್ತವೆ. ಅದರ ಫಲಶ್ರುತಿಯನ್ನು ಅವರೆಕಾಳಿನ ಕಾಲದಲ್ಲಿ ಲಿಫ್ಟಿನೊಳಗೆ ಸಿಕ್ಕಿಕೊಂಡವರನ್ನು ಕೇಳಿ ತಿಳಿಯಬೇಕು. ನೆನೆಸಿದ ನೀರು ಚೆಲ್ಲಿ ಎಂದು ಅಜ್ಜಿಯರು ಹೇಳುತ್ತಿದ್ದುದರಲ್ಲಿ ಅರ್ಥವಿದೆ. ಈ ಸಕ್ಕರೆಗಳಲ್ಲಿ ಒಂದಷ್ಟು ಆ ನೀರಿನಲ್ಲಿ ಹೋಗುತ್ತದೆ.

ಜೀವಕೋಶಗಳು ಕಲಿತ ಈ ಉಪಾಯವನ್ನು ಮನುಷ್ಯರೂ ಎರವಲು ಪಡೆದಿದ್ದಾರೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಎಂಬ ಔಷಧದ ಒಣ ಪುಡಿಯಲ್ಲಿ ಪ್ರೋಟೀನು ಕೆಡದಂತೆ ಟ್ರೆಹಲೋಸ್ ಬೆರೆಸುತ್ತಾರೆ. ಕೋವಿಡ್ ಕಾಲದಲ್ಲಿ ಫೈಜರ್, ಮಾಡರ್ನಾ ಕಂಪನಿಗಳು ಕೊರೆಯುವ ಚಳಿಯಲ್ಲಿಟ್ಟು ಸಾಗಿಸಿದ ಲಸಿಕೆಗಳಲ್ಲಿ ಸುಕ್ರೋಸ್ ಇತ್ತು. ಜಪಾನಿನ ಒಕಾಯಾಮಾದ ಹಯಾಶಿಬಾರಾ ಕಂಪನಿ 1990ರ ದಶಕದಲ್ಲಿ ಪಿಷ್ಟದಿಂದ ಟ್ರೆಹಲೋಸ್ ತೆಗೆಯುವ ದಾರಿ ಕಂಡುಕೊಂಡ ಮೇಲೆ, ಅಲ್ಲಿಯವರೆಗೆ ಲ್ಯಾಬಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡಿದ್ದ ಸಕ್ಕರೆ ಅಗ್ಗವಾಗಿ ತಿಂಡಿತಿನಿಸುಗಳಿಗೂ ಸೇರಿತು.

ಮತ್ತೆ ಯೀಸ್ಟಿನ ವಿಷಯಕ್ಕೆ ಬಂದರೆ, ನೀರು ಸಿಕ್ಕಿದೊಡನೆ ಅದು ಟ್ರೆಹಲೋಸನ್ನು ಏನು ಮಾಡುತ್ತದೆ ಎನ್ನುವುದನ್ನು ಹೇಳಲೇಬೇಕು. ಒಡೆದು ಗ್ಲೂಕೋಸ್ ಮಾಡಿ ತಿಂದುಬಿಡುತ್ತದೆ. ಅಷ್ಟು ದಿನ ಜಾಗ ಕಾದ ಟವೆಲ್ಲಿಗೆ ಕೃತಜ್ಞತೆ, ನೆನಪಿನ ಕಾಣಿಕೆ ಏನೂ ಇಲ್ಲ. ಕಷ್ಟಕಾಲದ ಗಂಟನ್ನು ಕಷ್ಟ ಮುಗಿದ ಮೇಲೂ ಬ್ಯಾಂಕಿನಲ್ಲಿಟ್ಟು ಬಡ್ಡಿ ಎಣಿಸುವ ಅಭ್ಯಾಸ ಅದಕ್ಕಿಲ್ಲ. ಬೆಳೆಯುವಾಗ ಬೆಳೆಯುವುದು, ಬರ ಕಾಣಿಸಿದಾಗ ಕೂಡಿಡುವುದು, ನೀರು ಬಂದಾಗ ತಿಂದು ಮುಗಿಸುವುದು. ನಮ್ಮಲ್ಲಿ ಹೆಚ್ಚಿನವರು ಈ ಮೂರನ್ನೂ ಹೊತ್ತಲ್ಲದ ಹೊತ್ತಿನಲ್ಲಿ ಮಾಡುತ್ತೇವೆ.

ಉಳಿದಿರುವುದು ಅಡುಗೆಮನೆಯ ಮಾತು. ಇಷ್ಟು ತಯಾರಿ ಮಾಡಿಕೊಂಡು ಬಂದ ಯೀಸ್ಟಿಗೂ ಒಂದು ಗಂಡಾಂತರವಿದೆ. ನಾವು ಅದರ ಮೇಲೆ ಹೊಯ್ಯುವ ನೀರು. ತಣ್ಣೀರು ಹೊಯ್ದರೆ ಪೊರೆ ಸಡಿಲವಾಗುವ ಮೊದಲೇ ನೀರು ನುಗ್ಗಿ, ಒಳಗಿನ ಸಾಮಗ್ರಿ ಸೋರಿಹೋಗುತ್ತದೆ. ಆ ಹಿಟ್ಟು ಏಳಲು ಮನಸ್ಸು ಮಾಡುವುದಿಲ್ಲ, ಎದ್ದರೂ ಅಂಟಂಟು. ಕುದಿನೀರಿಗೆ ಹತ್ತಿರದ್ದನ್ನು ಹೊಯ್ದರೆ ಬೆಂದೇ ಹೋಗುತ್ತದೆ. 60 ಡಿಗ್ರಿಯ ನೀರು ಅದಕ್ಕೆ ಯಮ. 40 ಡಿಗ್ರಿಯ ಆಸುಪಾಸಿನ ನೀರು, ಅಂದರೆ ಬೆರಳದ್ದಿದರೆ ಬೆಚ್ಚಗೆನಿಸಿ ಸುಡದಿರುವಷ್ಟು, ಇದ್ದರೆ ಪೊರೆ ಮೊದಲೇ ಮೆತ್ತಗಾಗಿ ನೀರನ್ನು ಕ್ರಮವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಹಿಟ್ಟಿಗೇ ನೇರವಾಗಿ ಬೆರೆಸುವ ಇನ್‌ಸ್ಟಂಟ್ ಯೀಸ್ಟಿಗೆ ಈ ಬಟ್ಟಲಿನ ಉಪಚಾರ ಬೇಡ, ಆದರೆ ಅದಕ್ಕೂ ಐಸ್ ನೀರು ಸೇರದು. ಪೊಟ್ಟಣ ಒಡೆದ ಮೇಲೆ ಬಿಗಿಮುಚ್ಚಳದ ಡಬ್ಬಿಗೆ ಸುರಿದು ಫ್ರಿಜ್ಜಿನಲ್ಲಿಡಿ; ಒದ್ದೆ ಚಮಚ ಹಾಕಬೇಡಿ. ಬನ್ನು ಕಲ್ಲಾದರೆ ಯೀಸ್ಟನ್ನೂ ಅಂಗಡಿಯವನನ್ನೂ ಬೈಯುವ ಮುನ್ನ ನೀರಿಗೊಮ್ಮೆ ಬೆರಳದ್ದಿ ನೋಡಿ.